ಎಸಿ ತಣ್ಣಗಾಗ್ತಿಲ್ಲ ಅಂದ್ರೆ ಗ್ಯಾಸ್ ಖಾಲಿ ಅಂತಲೇ ಅಲ್ಲ: ಬೇಸಿಗೆಗೆ ಮುಂಚೆ ಕುಣಿಗಲ್ ಜನ ತಿಳಿಯಬೇಕಾದ ಸರ್ವಿಸ್ ಲೆಕ್ಕ

ಕುಣಿಗಲ್: ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅನ್ನೋದು ಹಳೇ ಮಾತು. ಈಗ ಅದರ ಹಿಂದೆಯೇ ಇನ್ನೊಂದು ಓಟ ಶುರುವಾಗುತ್ತೆ. ಆರು ತಿಂಗಳು ಮುಟ್ಟದೆ ಬಿಟ್ಟಿದ್ದ ಎಸಿ ಆನ್ ಮಾಡೋದು, ಅದು ಬಿಸಿಗಾಳಿ ಊದೋದು, ಮೆಕ್ಯಾನಿಕ್‌ಗೆ ಫೋನ್ ಮಾಡೋದು. ಆತ ಬಂದು ಗೇಜ್ ಹಚ್ಚಿ ನೋಡಿ 'ಗ್ಯಾಸ್ ಖಾಲಿ ಆಗಿದೆ ಅಣ್ಣ' ಅಂದರೆ, ಐನೂರು ಆರುನೂರು ರೂಪಾಯಿಯಲ್ಲಿ ಮುಗಿಯಬೇಕಿದ್ದ ಕೆಲಸ ಎರಡೂವರೆ, ಮೂರು ಸಾವಿರಕ್ಕೆ ಹೋಗಿ ನಿಲ್ಲುತ್ತೆ.

ಕೆಲವು ಎಸಿಗಳಲ್ಲಿ ನಿಜವಾಗಿಯೂ ಗ್ಯಾಸ್ ಸೋರಿರುತ್ತೆ. ಆದರೆ ಬಹಳಷ್ಟು ಸಲ ಖಾಲಿಯಾಗಿರೋದು ಗ್ಯಾಸ್ ಅಲ್ಲ, ತುಂಬಿರೋದು ಧೂಳು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಪೆಟ್ಟು ಎರಡು ಕಡೆ ಬೀಳುತ್ತೆ. ಒಂದು ಮೆಕ್ಯಾನಿಕ್ ಬಿಲ್, ಇನ್ನೊಂದು ಬೆಸ್ಕಾಂ ಬಿಲ್.

ಎಸಿ ಈಗ ದೊಡ್ಡವರ ಮನೆ ವಸ್ತು ಅಲ್ಲ

ಹತ್ತು ವರ್ಷದ ಹಿಂದೆ ಕುಣಿಗಲ್ ಪಟ್ಟಣದಲ್ಲಿ ಎಸಿ ಅಂದರೆ ಬ್ಯಾಂಕು, ಎಟಿಎಂ, ಚಿನ್ನದಂಗಡಿ. ಈಗ ಬಿ.ಎಂ. ರಸ್ತೆಯ ಮೊಬೈಲ್ ಅಂಗಡಿ, ಸಲೂನ್, ಕ್ಲಿನಿಕ್, ಬಟ್ಟೆ ಅಂಗಡಿಗಳ ಗೋಡೆ ಮೇಲೂ ಔಟ್‌ಡೋರ್ ಯೂನಿಟ್ ಕಾಣುತ್ತೆ. ಹೊಸದಾಗಿ ಮನೆ ಕಟ್ಟುವವರು ಒಂದು ರೂಮಿಗಾದರೂ ಎಸಿ ಪಾಯಿಂಟ್ ಎಳೆಸಿಯೇ ಇಟ್ಟಿರುತ್ತಾರೆ.

ಇದಕ್ಕೆ ಕಾರಣ ಬಿಸಿಲು ಮತ್ತು ಬೆಲೆ. 2024ರ ಏಪ್ರಿಲ್ 28ರಂದು ತಂಪಿನ ಊರು ಅನ್ನಿಸಿಕೊಂಡ ಬೆಂಗಳೂರಿನಲ್ಲೇ 38.5 ಡಿಗ್ರಿ ದಾಖಲಾಗಿತ್ತು. ಆ ಬೇಸಿಗೆಯಲ್ಲಿ ರಾತ್ರಿ ಹನ್ನೆರಡಾದರೂ ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದದ್ದನ್ನು ಆರ್‌ಸಿಸಿ ಮನೆಯವರು ಇನ್ನೂ ಮರೆತಿಲ್ಲ. ಅದಾದ ಮೇಲೆ 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚೆ 30 ಸಾವಿರ ಇರುವ ಎಸಿಗೆ ಮೊದಲು 38,400 ರೂ. ಕೊಡಬೇಕಿತ್ತು, ಈಗ 35,400 ಸಾಕು. ಮೂರು ಸಾವಿರ ಉಳಿತಾಯ, ಮೇಲೆ ಕಂತಿನ ಸೌಲಭ್ಯ ಬೇರೆ.

ಆದರೆ ಕೊಳ್ಳುವಾಗ ಉಳಿದ ಆ ಮೂರು ಸಾವಿರ ಒಂದೇ ಒಂದು ತಪ್ಪು 'ಗ್ಯಾಸ್ ಫಿಲ್ಲಿಂಗ್'ಗೆ ಹೋಗಿಬಿಡಬಹುದು. ಅಂಗಡಿಯವರು ಮಾರುವಾಗ ಸ್ಟಾರ್ ರೇಟಿಂಗ್ ಹೇಳುತ್ತಾರೆ, ಕಂತು ಹೇಳುತ್ತಾರೆ, ಫ್ರೀ ಸ್ಟೆಬಿಲೈಸರ್ ಹೇಳುತ್ತಾರೆ. ವರ್ಷಕ್ಕೆ ಎಷ್ಟು ಸಲ, ಹೇಗೆ ಕ್ಲೀನ್ ಮಾಡಿಸಬೇಕು ಅನ್ನೋದನ್ನ ಹೇಳುವವರು ಕಡಿಮೆ.

ಧೂಳು ಎಲ್ಲಿಂದ ಬರುತ್ತೆ

ಎಸಿ ಕೆಲಸ ಸರಳ. ಒಳಗಿನ ಯೂನಿಟ್ ರೂಮಿನ ಗಾಳಿಯನ್ನು ಎಳೆದು, ತಣ್ಣನೆ ಕಾಯಿಲ್ ಮೇಲೆ ಹಾಯಿಸಿ ವಾಪಸ್ ಬಿಡುತ್ತೆ. ಒಳಗಿನ ಶಾಖವನ್ನು ಹೊರಗಿನ ಯೂನಿಟ್ ಆಚೆ ಹಾಕುತ್ತೆ. ಎರಡೂ ಕಡೆ ಗಾಳಿ ಸರಾಗವಾಗಿ ಓಡಾಡಬೇಕು. ಗಾಳಿ ಕಟ್ಟಿದರೆ ಎಸಿ ಕಟ್ಟಿದ ಹಾಗೆ.

ನಮ್ಮ ತಾಲ್ಲೂಕಿನಲ್ಲಿ ಗಾಳಿ ಕಟ್ಟೋದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ರಾಗಿ, ಹುರುಳಿ ಒಕ್ಕಣೆ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲಿ ಏಳುವ ಹೊಟ್ಟು, ಹೆದ್ದಾರಿ ಮತ್ತು ಪಟ್ಟಣದ ರಸ್ತೆ ಬದಿಯ ಮಣ್ಣು, ಒಂದಿಲ್ಲೊಂದು ಕಾಮಗಾರಿಗೆ ಅಗೆದು ಬಿಟ್ಟ ಗುಂಡಿ. ಇದೆಲ್ಲ ಬಿದ್ದು ಕೂರೋದು ಔಟ್‌ಡೋರ್ ಯೂನಿಟ್‌ನ ಹಿಂಬದಿಯ ತೆಳ್ಳನೆ ಅಲ್ಯೂಮಿನಿಯಂ ಪಟ್ಟಿಗಳ ನಡುವೆ. ಅಂಗಡಿ ಒಳಗೆ ಗಿರಾಕಿಗಳ ಕಾಲಧೂಳು, ಬಟ್ಟೆಯ ನೂಲು. ಬೇಕರಿ, ಹೋಟೆಲ್ ಪಕ್ಕದಲ್ಲಿದ್ದರೆ ಎಣ್ಣೆ ಜಿಡ್ಡು. ಜಿಡ್ಡಿನ ಮೇಲೆ ಕೂತ ಧೂಳು ಬ್ರಷ್‌ಗೂ ಬಗ್ಗಲ್ಲ.

ಹಾಗಾಗಿ ಕಂಪನಿ ಪುಸ್ತಕದಲ್ಲಿ ಬರೆದಿರುವ ಅವಧಿ ರಸ್ತೆ ಬದಿ ಅಂಗಡಿಗೆ ಹೊಂದಲ್ಲ. ಬಳಸುವ ಕಾಲದಲ್ಲಿ ಮನೆಯಲ್ಲಾದರೆ ಎರಡು ವಾರಕ್ಕೊಮ್ಮೆ, ರಸ್ತೆ ಬದಿ ಅಂಗಡಿಯಲ್ಲಾದರೆ ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಮುಂದಿನ ಮುಚ್ಚಳ ಎತ್ತಿದರೆ ಜರಡಿ ಥರದ ಎರಡು ಫಿಲ್ಟರ್ ಕೈಗೆ ಬರುತ್ತವೆ. ನಲ್ಲಿ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಹಾಕಿದರೆ ಆಯ್ತು. ಬಿಸಿಲಲ್ಲಿ ಒಣಗಿಸಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ.

200 ಯೂನಿಟ್ ಗೆರೆ ಮತ್ತು ಧೂಳು

ಇಲ್ಲಿ ಬರುತ್ತೆ ಮನೆಯವರಿಗೆ ಮುಖ್ಯವಾದ ಲೆಕ್ಕ. ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಬಹಳಷ್ಟು ಮನೆಗಳಿಗೆ ಉಚಿತ ಯೂನಿಟ್ ನಿಗದಿಯಾಗಿದೆ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಒಂದು ಮನೆಯ ಉದಾಹರಣೆ ತಗೊಳ್ಳೋಣ. ಆಗ ಸರಾಸರಿ 60 ಯೂನಿಟ್ ಬಳಸಿದ್ದ ಮನೆಗೆ 66 ಯೂನಿಟ್ ಉಚಿತ. ಈಗ ಫ್ರಿಜ್, ಟಿವಿ, ಫ್ಯಾನ್, ಲೈಟು ಎಲ್ಲ ಸೇರಿ 65 ಯೂನಿಟ್ ಆಗುತ್ತೆ ಅಂದುಕೊಳ್ಳಿ. ಒಂದೂವರೆ ಟನ್ ಇನ್ವರ್ಟರ್ ಎಸಿ ರಾತ್ರಿ ಆರು ಗಂಟೆ ಓಡಿದರೆ, ಗಂಟೆಗೆ ಸರಾಸರಿ 0.7 ಯೂನಿಟ್ ಲೆಕ್ಕದಲ್ಲಿ ತಿಂಗಳಿಗೆ 126 ಯೂನಿಟ್. ಒಟ್ಟು 191. ಗೆರೆಯ ಒಳಗೇ ಇದೆ. 2025-26ರ ದರದಂತೆ ಯೂನಿಟ್‌ಗೆ 5.80 ರೂ. ಅಂದರೆ ಹೆಚ್ಚುವರಿ 125 ಯೂನಿಟ್‌ಗೆ 725 ರೂ. ಆಗುತ್ತೆ.

ಇದೇ ಎಸಿಯ ಫಿಲ್ಟರ್ ಕಟ್ಟಿಕೊಂಡಿದ್ದರೆ? ಕಟ್ಟಿದ ಫಿಲ್ಟರ್ ತೆಗೆದು ಶುಚಿಯಾದದ್ದು ಹಾಕಿದರೆ ಎಸಿಯ ವಿದ್ಯುತ್ ಬಳಕೆ ಶೇ 5ರಿಂದ 15ರವರೆಗೆ ಇಳಿಯಬಹುದು ಅನ್ನುತ್ತೆ ಅಮೆರಿಕದ ಇಂಧನ ಇಲಾಖೆ. ಉಲ್ಟಾ ನೋಡಿ, ಧೂಳಿನಿಂದ ಶೇ 15 ಹೆಚ್ಚಾಯಿತು ಅಂತಿಟ್ಟುಕೊಳ್ಳಿ. 126ರ ಜಾಗದಲ್ಲಿ 145. ಒಟ್ಟು 210 ಯೂನಿಟ್. ಈಗ 66 ಯೂನಿಟ್ ಉಚಿತ ಹೋಯ್ತು, ಪೂರ್ತಿ 210ಕ್ಕೂ ದುಡ್ಡು, ಅಂದರೆ 1,218 ರೂ. ವ್ಯತ್ಯಾಸ 493 ರೂ. ನಿಗದಿತ ಶುಲ್ಕ, ಸರ್ಚಾರ್ಜ್, ತೆರಿಗೆ ಈ ಲೆಕ್ಕಕ್ಕೆ ಸೇರಿಲ್ಲ.

ಹತ್ತೊಂಬತ್ತು ಯೂನಿಟ್ ಧೂಳಿಗೆ ಸುಮಾರು ಐನೂರು ರೂಪಾಯಿ. ಒಂದು ಸರ್ವಿಸ್‌ನ ದುಡ್ಡು ಒಂದೇ ತಿಂಗಳಲ್ಲಿ ಹೋಯ್ತು. ಹೆಚ್ಚಾಗಿದ್ದು ಶೇ 5 ಮಾತ್ರ ಆಗಿದ್ದರೆ ಒಟ್ಟು 197ಕ್ಕೆ ನಿಲ್ಲುತ್ತಿತ್ತು, ಈ ಹೊಡೆತ ಬೀಳುತ್ತಿರಲಿಲ್ಲ. ಹತ್ತು ಹನ್ನೆರಡು ಗಂಟೆ ಎಸಿ ಓಡಿಸುವವರು ಹೇಗಿದ್ದರೂ 200 ದಾಟುತ್ತಾರೆ, ಅವರಿಗೆ ಉಳಿಯೋದು ಆಯಾ ಯೂನಿಟ್‌ನ ದುಡ್ಡು ಮಾತ್ರ. ಗೆರೆಯ ಅಂಚಲ್ಲಿ ಇರುವ ಮಧ್ಯಮ ವರ್ಗದ ಮನೆಗೇ ಈ ಲೆಕ್ಕ ಹೆಚ್ಚು ತಾಗೋದು. ಅಂಗಡಿಯವರಿಗಂತೂ ಗೃಹಜ್ಯೋತಿ ಇಲ್ಲ, ದರವೂ ಮನೆಗಿಂತ ಹೆಚ್ಚು. ಅವರಿಗೆ ಪ್ರತಿ ಯೂನಿಟ್ಟೂ ಕೈಯಿಂದಲೇ.

ಇದರ ಜೊತೆ ರಿಮೋಟ್ ವಿಷಯ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ವಿದ್ಯುತ್ ಉಳಿಯುತ್ತೆ ಅನ್ನೋದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುವ ಲೆಕ್ಕ. 2020ರ ಜನವರಿಯಿಂದ ಹೊಸ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿ ತೋರಿಸಬೇಕು ಅಂತ ನಿಯಮವಿದೆ. ಕೂಲಿಂಗ್ ಬರ್ತಿಲ್ಲ ಅಂತ 18ಕ್ಕೆ ಇಳಿಸುವ ಮುಂಚೆ ಒಮ್ಮೆ ಫಿಲ್ಟರ್ ತೆಗೆದು ನೋಡೋದು ಲಾಭ.

'ಗ್ಯಾಸ್ ಖಾಲಿ' ಅನ್ನೋ ತೀರ್ಪು ಹೇಗೆ ಬರುತ್ತೆ

ಅಡುಗೆ ಸಿಲಿಂಡರ್ ಥರ ಎಸಿಯಲ್ಲಿ ಗ್ಯಾಸ್ ಉರಿದು ಮುಗಿಯಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತೆ. ಸೋರಿಕೆ ಇಲ್ಲದಿದ್ದರೆ ವರ್ಷಗಟ್ಟಲೆ ಅದೇ ಗ್ಯಾಸ್ ಇರುತ್ತೆ. 'ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸ್ಬೇಕು' ಅನ್ನೋ ಮಾತಿಗೆ ಆಧಾರವಿಲ್ಲ. ಗ್ಯಾಸ್ ಕಡಿಮೆ ಆಗಿದೆ ಅಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬಿಸೋದು ಪಂಕ್ಚರ್ ಹಾಕದೆ ಗಾಳಿ ಹೊಡೆಸಿದ ಹಾಗೆ.

ಹಾಗಾದರೆ ಗೇಜ್ ಕಡಿಮೆ ತೋರಿಸಿತಲ್ಲ? ಗೊಂದಲ ಇರೋದು ಇಲ್ಲೇ. ಒಳಗಿನ ಫಿಲ್ಟರ್ ಅಥವಾ ಕಾಯಿಲ್ ಕಟ್ಟಿದ್ದರೆ ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯಲ್ಲ, ಶಾಖ ಸಿಗಲ್ಲ, ಗ್ಯಾಸಿನ ಪ್ರೆಷರ್ ತಾನಾಗಿ ಇಳಿಯುತ್ತೆ. ಗ್ಯಾಸ್ ಪೂರ್ತಿ ಇದ್ದರೂ ಗೇಜ್ ಕಡಿಮೆಯನ್ನೇ ತೋರಿಸುತ್ತೆ. ಪೈಪ್ ಮೇಲೆ ಐಸ್ ಕಟ್ಟೋದೂ ಅಷ್ಟೇ. ಗ್ಯಾಸ್ ಕಡಿಮೆ ಆದರೂ ಕಟ್ಟುತ್ತೆ, ಧೂಳು ತುಂಬಿದರೂ ಕಟ್ಟುತ್ತೆ.

ಅದಕ್ಕೇ ಕೆಲಸದ ಕ್ರಮ ಮುಖ್ಯ. ಮೊದಲು ಕ್ಲೀನಿಂಗ್, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಕೊನೆಗೆ ಗೇಜ್. ಗೇಜ್ ಮೊದಲು ಹಚ್ಚಿ ಗ್ಯಾಸ್ ಹಾಕಿಬಿಟ್ಟರೆ, ಆಮೇಲೆ ಕ್ಲೀನ್ ಮಾಡಿದಾಗ ಗ್ಯಾಸ್ ಅಳತೆ ಮೀರಿರುತ್ತೆ. ಅಳತೆ ಮೀರಿದ ಗ್ಯಾಸ್ ಕಂಪ್ರೆಸರ್‌ಗೆ ಹೊರೆ. ಮೂರು ಸಾವಿರ ಕೊಟ್ಟು ಎಸಿಯ ಆಯಸ್ಸು ಕಡಿಮೆ ಮಾಡಿಸಿಕೊಂಡ ಹಾಗಾಗುತ್ತೆ.

ಗ್ಯಾಸ್ ನಿಜವಾಗಿ ಸೋರಿದ್ದರೆ ಸರಿಯಾದ ಕೆಲಸಕ್ಕೆ ನಾಲ್ಕು ಹೆಜ್ಜೆ. ಸೋರುವ ಜಾಗ ಹುಡುಕಬೇಕು, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತೆ, ನಟ್ ಹತ್ತಿರ ಎಣ್ಣೆ ಕಲೆ ಇದ್ದರೂ ಅನುಮಾನ ಪಡಬೇಕು. ಅದನ್ನು ಸರಿಮಾಡಬೇಕು. ವ್ಯಾಕ್ಯೂಮ್ ಪಂಪ್ ಇಟ್ಟು ಪೈಪಿನೊಳಗಿನ ಗಾಳಿ, ತೇವ ತೆಗೆಯಬೇಕು. ಕೊನೆಗೆ ತೂಕ ಮಾಡಿ ಗ್ಯಾಸ್ ಹಾಕಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಅನ್ನೋದು ಔಟ್‌ಡೋರ್ ಯೂನಿಟ್‌ಗೆ ಅಂಟಿಸಿದ ಪಟ್ಟಿಯಲ್ಲೇ ಇರುತ್ತೆ. ತಕ್ಕಡಿ ಇಲ್ಲದೆ 'ಅಂದಾಜಿಗೆ' ಹಾಕುವ ಗ್ಯಾಸ್ ಅಂದಾಜೇ.

ಹಾಗಂತ ಮೆಕ್ಯಾನಿಕ್‌ಗಳೆಲ್ಲ ಮೋಸಗಾರರಾ?

ಅಲ್ಲ. ಇದರ ಇನ್ನೊಂದು ಮುಖ ನೋಡದೆ ಬೈಯೋದು ಸುಲಭ.

ತಾಲ್ಲೂಕು ಮಟ್ಟದಲ್ಲಿ ಎಸಿ ಕೆಲಸ ಮೂರು ನಾಲ್ಕು ತಿಂಗಳ ಕಸುಬು. ಮಾರ್ಚ್‌ನಿಂದ ಮೇ ತನಕ ದಿನಕ್ಕೆ ಹತ್ತು ಫೋನ್, ಮಳೆ ಬಿದ್ದ ಮೇಲೆ ಕೇಳುವವರಿಲ್ಲ. ಹಾಗಾಗಿ ಎಸಿ ಮೆಕ್ಯಾನಿಕ್ ಅನ್ನಿಸಿಕೊಂಡವರೇ ಫ್ರಿಜ್, ವಾಷಿಂಗ್ ಮಷಿನ್, ವೈರಿಂಗ್, ಮೋಟಾರ್ ಎಲ್ಲ ನೋಡಬೇಕು. ಕೆಲಸ ಕಲಿತದ್ದು ಬೆಂಗಳೂರಿನಲ್ಲಿ ಯಾರೋ ಮೇಸ್ತ್ರಿ ಹಿಂದೆ ಓಡಾಡಿ. ವ್ಯಾಕ್ಯೂಮ್ ಪಂಪ್, ಪ್ರೆಷರ್ ವಾಷರ್, ಡಿಜಿಟಲ್ ತಕ್ಕಡಿ, ನೈಟ್ರೋಜನ್ ಸಿಲಿಂಡರ್ ಎಲ್ಲ ಕೊಳ್ಳೋಕೆ ಬಂಡವಾಳ ಬೇಕು. ಗಿರಾಕಿ ಮಾತ್ರ ಸರ್ವಿಸ್‌ಗೆ 'ಮುನ್ನೂರಕ್ಕೆ ಮಾಡ್ಕೊಡಪ್ಪ' ಅಂತ ಚೌಕಾಸಿ ಮಾಡುತ್ತಾರೆ. ಗಂಟೆಗಟ್ಟಲೆ ಮಾಡುವ ಕ್ಲೀನಿಂಗ್‌ಗೆ ಬೆಲೆ ಕೊಡದೆ, ಗ್ಯಾಸ್ ಅಂದ ಕೂಡಲೇ ಮೂರು ಸಾವಿರ ಕೊಡುವ ಗಿರಾಕಿ ಇದ್ದಾಗ ಕಸುಬು ಯಾವ ಕಡೆ ವಾಲುತ್ತೆ ಅಂತ ಹೇಳಬೇಕಿಲ್ಲ.

ಅಪಾಯವೂ ಅವರದ್ದೇ. ಮೊದಲ ಮಹಡಿಯ ಸಜ್ಜೆ ಮೇಲೆ ಬೆಲ್ಟ್ ಇಲ್ಲದೆ ನಿಂತು ಔಟ್‌ಡೋರ್ ಬಿಚ್ಚುತ್ತಾರೆ. ಗ್ಯಾಸ್ ಕೂಡ ಬದಲಾಗಿದೆ. ಹಳೇ ಎಸಿಗಳಲ್ಲಿ ಇದ್ದದ್ದು ಆರ್-22, ಅದು ಓಜೋನ್ ಪದರಕ್ಕೆ ಹಾನಿ ಅಂತ ಹೊಸ ಎಸಿ ತಯಾರಿಕೆಯಿಂದ ಹೊರಬಿದ್ದಿದೆ. ಈಗ ಹೆಚ್ಚು ಬರುತ್ತಿರೋದು ಆರ್-32, ಕೆಲವು ಮಾಡೆಲ್‌ಗಳಲ್ಲಿ ಆರ್-290. ಆರ್-290 ಅಂದರೆ ಪ್ರೊಪೇನ್, ಅಡುಗೆ ಗ್ಯಾಸಿನ ಸಂಬಂಧಿಯೇ, ಚೆನ್ನಾಗಿ ಹತ್ತಿಕೊಳ್ಳುತ್ತೆ. ಆರ್-32 ಕೂಡ ಅಲ್ಪ ಮಟ್ಟಿಗೆ ಉರಿಯುವ ಗ್ಯಾಸ್. ಆರ್-22 ಕಾಲದಲ್ಲಿ ಕಲಿತ ಅಭ್ಯಾಸದಲ್ಲಿ, ಪೈಪಲ್ಲಿ ಗ್ಯಾಸ್ ಉಳಿದಿರುವಾಗಲೇ ವೆಲ್ಡಿಂಗ್ ಟಾರ್ಚ್ ಹಿಡಿದರೆ ಅನಾಹುತ. ನೈಟ್ರೋಜನ್ ಬದಲು ಆಕ್ಸಿಜನ್ ತುಂಬಿಸಿ ಲೀಕ್ ಟೆಸ್ಟ್ ಮಾಡೋದಂತೂ ಬಾಂಬ್ ಕಟ್ಟಿದ ಹಾಗೆ, ಆಕ್ಸಿಜನ್ ಮತ್ತು ಕಂಪ್ರೆಸರ್ ಎಣ್ಣೆ ಸೇರಿದರೆ ಸ್ಫೋಟವಾಗುತ್ತೆ.

ಕೇಂದ್ರ ಸರ್ಕಾರ 2019ರ ಮಾರ್ಚ್‌ನಲ್ಲಿ ಹೊರತಂದ 'ಇಂಡಿಯಾ ಕೂಲಿಂಗ್ ಆಕ್ಷನ್ ಪ್ಲಾನ್'ನಲ್ಲಿ 2022-23ರ ಒಳಗೆ ಒಂದು ಲಕ್ಷ ಎಸಿ-ಫ್ರಿಜ್ ಸರ್ವಿಸ್ ಟೆಕ್ನಿಷಿಯನ್‌ಗಳಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇತ್ತು. ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಅಂತ ಎರಡು ವರ್ಷದ ಟ್ರೇಡ್ ಕೂಡ ಇದೆ. ಆದರೆ ಅಂಗಡಿ ಬಿಟ್ಟು ಹೋದರೆ ಆ ದಿನದ ಕೂಲಿ ಹೋಯ್ತು ಅನ್ನುವ ಹುಡುಗನಿಗೆ ತರಬೇತಿ ತಾಲ್ಲೂಕಿಗೇ ಬಂದರೆ ಮಾತ್ರ ಉಪಯೋಗ. ಮಳೆಗಾಲದಲ್ಲಿ ಕೆಲಸ ಇಲ್ಲದ ತಿಂಗಳುಗಳೇ ಇದಕ್ಕೆ ಸರಿಯಾದ ಕಾಲ. ಇನ್ನು ಅಪಘಾತ ವಿಮೆಗೆ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂ. ಕಟ್ಟಿದರೆ 2 ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಏಣಿ ಹತ್ತುವ ಕಸುಬಿನವರು ಇದೊಂದನ್ನಾದರೂ ಮಾಡಿಸಿಕೊಳ್ಳಬೇಕು.

ಸರ್ವಿಸ್ ಅಂದರೆ ಏನೇನು ಆಗಬೇಕು

ಬಟ್ಟೆಯಲ್ಲಿ ಮೇಲೆ ಒರೆಸಿ, ಫಿಲ್ಟರ್ ಕೊಡವಿ 'ಆಯ್ತು' ಅಂದರೆ ಅದು ಸರ್ವಿಸ್ ಅಲ್ಲ. ಎದುರಿಗೆ ನಿಂತು ಇಷ್ಟು ನೋಡಿಕೊಳ್ಳಿ:

- ಕೆಲಸಕ್ಕೆ ಮುಂಚೆ ಎಂಸಿಬಿ ಆಫ್ ಆಗಬೇಕು. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು.
- ಒಳಗಿನ ಕಾಯಿಲ್ ಮತ್ತು ಉದ್ದನೆಯ ಬ್ಲೋವರ್ ಎರಡೂ ನೀರಿನಲ್ಲಿ ತೊಳೆಯಬೇಕು. ಬ್ಲೋವರ್ ರೆಕ್ಕೆಗೆ ಅಂಟಿದ ಕಪ್ಪು ಬೂಷ್ಟೇ ವಾಸನೆಗೆ, ಸೀನಿಗೆ ಕಾರಣ.
- ಸರ್ಕ್ಯೂಟ್ ಬೋರ್ಡ್‌ಗೆ ಪ್ಲಾಸ್ಟಿಕ್ ಸುತ್ತಿಯೇ ನೀರು ಹೊಡೆಯಬೇಕು. ಬೋರ್ಡ್ ನೆನೆದರೆ ಸಾವಿರಾರು ರೂಪಾಯಿ ಖರ್ಚು.
- ನೀರಿನ ಟ್ರೇ, ಡ್ರೈನ್ ಪೈಪ್ ಊದಿ ಕ್ಲೀನ್ ಮಾಡಬೇಕು. ಗೋಡೆ ಮೇಲೆ ನೀರಿಳಿಯೋದು ಬಹುತೇಕ ಇದು ಕಟ್ಟಿದ್ದರಿಂದಲೇ.
- ಔಟ್‌ಡೋರ್ ಯೂನಿಟ್ ಕೂಡ ತೊಳೆಯಬೇಕು. 'ಅದು ಮಳೇಲಿ ತೊಳೆದಿರುತ್ತೆ' ಅನ್ನೋದು ಸಬೂಬು.
- ಕೊನೆಗೆ ಓಡಿಸಿ ತೋರಿಸಬೇಕು. ಒಳಗೆ ಎಳೆಯುವ ಗಾಳಿಗೂ ಹೊರಗೆ ಬಿಡುವ ಗಾಳಿಗೂ ಹತ್ತು ಡಿಗ್ರಿ ಆಸುಪಾಸು ವ್ಯತ್ಯಾಸ ಇದ್ದರೆ ಎಸಿ ಸರಿ ಇದೆ ಅಂತ ಅರ್ಥ.

ವಾರಂಟಿ ಇರುವ ಎಸಿಯನ್ನು ಹೊರಗಿನವರಿಂದ ಬಿಚ್ಚಿಸುವ ಮುಂಚೆ ಕಾರ್ಡ್ ಓದಿ. ಕಂಪ್ರೆಸರ್‌ಗೆ ಐದು ಹತ್ತು ವರ್ಷ ವಾರಂಟಿ ಕೊಡುವ ಕಂಪನಿಗಳು, ಗ್ಯಾಸ್ ಲೈನ್ ಹೊರಗಿನವರು ಮುಟ್ಟಿದರೆ ತಕರಾರು ತೆಗೆಯಬಹುದು. ಫಿಲ್ಟರ್ ತೊಳೆಯೋದಕ್ಕೆ ಆ ಭಯ ಇಲ್ಲ.

ಕೂಲರ್‌ಗೂ ಗೀಸರ್‌ಗೂ ಕ್ಲೀನಿಂಗ್ ಇದೆ

ಎಸಿ ಇಲ್ಲದವರ ಮನೆಯಲ್ಲಿ ಏರ್ ಕೂಲರ್ ಇರುತ್ತೆ. ಅದರ ಟ್ಯಾಂಕ್‌ನಲ್ಲಿ ನಿಂತ ನೀರು ಡೆಂಗ್ಯೂ ಸೊಳ್ಳೆಗೆ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಎಂಟು ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ, ಉಜ್ಜಿ, ಒಣಗಿಸಬೇಕು. ರಾಜ್ಯ ಸರ್ಕಾರ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟರೆ ದಂಡವನ್ನೂ ಇಟ್ಟಿದೆ. ಪಟ್ಟಣದ ಮನೆಗೆ 400 ರೂ., ಹಳ್ಳಿ ಮನೆಗೆ 200 ರೂ. ಅಂಗಡಿ, ಹೋಟೆಲ್‌ನಂಥ ವಾಣಿಜ್ಯ ಜಾಗಗಳಿಗೆ ಪಟ್ಟಣದಲ್ಲಿ 1,000 ರೂ., ಹಳ್ಳಿಯಲ್ಲಿ 500 ರೂ. ಬೋರ್‌ವೆಲ್ ಗಡಸು ನೀರಿನಿಂದ ಕೂಲರ್ ಹುಲ್ಲಿನ ಪ್ಯಾಡ್ ಸುಣ್ಣ ಹಿಡಿದಿದ್ದರೆ ತೊಳೆದು ಉಪಯೋಗವಿಲ್ಲ, ಬದಲಿಸಬೇಕು.

ನೀರು ಕಾಯಿಸುವ ಕಡೆ ಬಂದರೆ, ಹಂಡೆ ಒಲೆ ಹೋಗಿ ಗೀಸರ್ ಬಂದ ಬಚ್ಚಲುಮನೆಗಳಲ್ಲಿ ಬೇರೆಯೇ ಅಪಾಯ ಇದೆ. ಕರೆಂಟ್ ಗೀಸರ್‌ನ ಕಾಯಿಲ್‌ಗೆ ಸುಣ್ಣ ಕಟ್ಟಿದರೆ ನೀರು ಕಾಯೋಕೆ ಹೆಚ್ಚು ಹೊತ್ತು, ಹೆಚ್ಚು ಕರೆಂಟು. ಗ್ಯಾಸ್ ಗೀಸರ್ ವಿಷಯ ಇದಕ್ಕಿಂತ ಗಂಭೀರ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತಾಗೋ ಹೊತ್ತಿಗೆ ಪ್ರಜ್ಞೆ ಹೋಗಿರುತ್ತೆ. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಅನಿಲದಿಂದ ಅಕ್ಕ ತಂಗಿ ಇಬ್ಬರೂ ಪ್ರಾಣ ಕಳೆದುಕೊಂಡರು. ಗ್ಯಾಸ್ ಗೀಸರ್ ಬಚ್ಚಲುಮನೆ ಒಳಗೆ ಇರಲೇಬಾರದು. ಹೊರಗೋಡೆಗೆ ಹಾಕಿಸಿ ಪೈಪ್ ಒಳಗೆ ಕೊಡಬೇಕು. ಉರಿ ನೀಲಿ ಬದಲು ಹಳದಿ ಬರುತ್ತಿದ್ದರೆ ಬರ್ನರ್ ಕ್ಲೀನ್ ಆಗುವ ತನಕ ಹಚ್ಚಬೇಡಿ.

ಬಿಲ್ ಇಲ್ಲ ಅಂದರೆ ದೂರೂ ಇಲ್ಲ

ಎಸಿ ಕೆಲಸದಲ್ಲಿ ಮೋಸ ಆಯ್ತು ಅಂತ ಗೊಣಗುವವರು ಬಹಳ, ದೂರು ಕೊಡುವವರು ವಿರಳ. ಕಾರಣ, ಕೈಯಲ್ಲಿ ಬಿಲ್ ಇರಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದ ಮೇಲೆ ಬಿಲ್ಲು, ಸ್ಕ್ಯಾನರ್ ಎರಡಕ್ಕೂ ಹೆದರುವವರು ಹೆಚ್ಚಾದರು. ನಿಜ ಏನಂದರೆ ಬರೀ ಸರ್ವಿಸ್ ಕೆಲಸದವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಜಿಎಸ್‌ಟಿ ನಂಬರ್ ಇಲ್ಲದೆಯೂ ಸಾದಾ ರಸೀದಿ ಕೊಡಬಹುದು. ದಿನಾಂಕ, ಮಾಡಿದ ಕೆಲಸ, ಗ್ಯಾಸ್ ಹೆಸರು, ಎಷ್ಟು ಗ್ರಾಂ, ಎಷ್ಟು ದಿನದ ಗ್ಯಾರಂಟಿ, ಸಹಿ. ಇಷ್ಟು ಇದ್ದರೆ ಸಾಕು.

ರಸೀದಿ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ರಸೀದಿ ಒಳ್ಳೆ ಮೆಕ್ಯಾನಿಕ್‌ಗೂ ರಕ್ಷಣೆ. ಆರು ತಿಂಗಳ ಮೇಲೆ 'ನೀನೇ ಹಾಳು ಮಾಡಿದ್ದು' ಅಂತ ಬಂದವರಿಗೆ ತೋರಿಸಲು ಕಾಗದ ಇರುತ್ತೆ.

ಈಗ ಮಾಡಬಹುದಾದ್ದು

ಏಪ್ರಿಲ್‌ನಲ್ಲಿ ಎಲ್ಲರಿಗೂ ಒಟ್ಟಿಗೇ ಮೆಕ್ಯಾನಿಕ್ ಬೇಕು. ಆಗ ಅವಸರ, ಅವಸರದಲ್ಲಿ ಮೇಲೆ ಒರೆಸಿದ ಸರ್ವಿಸ್ಸು, ಬಾಯಿಗೆ ಬಂದ ರೇಟು. ಬಿಸಿಲು ಏರುವ ಮುಂಚೆ ಕರೆಸಿದರೆ ಆತನಿಗೂ ಪುರುಸೊತ್ತು, ಮನೆಯವರಿಗೂ ಎದುರು ನಿಂತು ನೋಡುವ ಸಮಾಧಾನ. ಒಂದೇ ಬೀದಿಯ ಐದಾರು ಅಂಗಡಿಯವರು ಸೇರಿ ಒಂದೇ ದಿನ ಒಬ್ಬರನ್ನೇ ಕರೆಸಿ, ವರ್ಷಕ್ಕೆ ಮೂರು ಸಲ ಅಂತ ಮೊದಲೇ ರೇಟ್ ಮಾತಾಡಿಕೊಂಡರೆ ಮಳೆಗಾಲದಲ್ಲೂ ಆತನ ಕೈಗೆ ಕೆಲಸ ಸಿಗುತ್ತೆ. ಕ್ಲೀನಿಂಗ್‌ನಲ್ಲೇ ಹೊಟ್ಟೆ ತುಂಬುವ ಮೆಕ್ಯಾನಿಕ್‌ಗೆ ಇಲ್ಲದ ಗ್ಯಾಸ್ ಸೋರಿಕೆ ಹುಡುಕುವ ಅಗತ್ಯ ಬರಲ್ಲ.

ಅಲ್ಲಿಯ ತನಕ ಖರ್ಚಿಲ್ಲದ ಕೆಲಸ ಒಂದಿದೆ. ಮುಚ್ಚಳ ಎತ್ತಿ ಫಿಲ್ಟರ್ ತೊಳೆಯೋದು. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಅದನ್ನು ಮಾಡಿ, ಅರ್ಧ ಗಂಟೆ ಎಸಿ ಓಡಿಸಿ ನೋಡಿ. ಆಮೇಲೂ ತಣ್ಣಗಾಗದಿದ್ದರೆ ಫೋನ್ ಮಾಡಿ, ಬಂದವರಿಗೆ ಮೊದಲು ಕ್ಲೀನಿಂಗ್, ಆಮೇಲೆ ಗೇಜ್ ಅಂತ ಹೇಳಿ.